ಹಿಂದಿನ ಹೆಗಲು

ಸುಕ್ಕು ಪೈಪನ್ನು ನೋಡಿ ಯಾರೂ ಅದನ್ನು ಭಾರ ಅನ್ನುವುದಿಲ್ಲ. ಕಪ್ಪು ಪ್ಲಾಸ್ಟಿಕ್ಕು, ಎರೆಹುಳದ ಮೈಯಂತೆ ಒಳಗೂ ಹೊರಗೂ ಉಂಗುರ ಉಂಗುರ, ನಡುವೆ ಬರೀ ಗಾಳಿ. ಮೂರಾಳು ಉದ್ದ ಇದ್ದರೂ ಒಂದು ತುದಿ ಹಿಡಿದು ಎತ್ತಿದರೆ ಮುನಿಸಿಲ್ಲದ ಮಗುವಿನ ಹಾಗೆ ಎದ್ದು ಬರುತ್ತದೆ. ನೆಲದಡಿಯ ರೈಲಿಗೆ ಸುರಂಗ ಕೊರೆಯುವಲ್ಲಿ ಗೋಡೆಗಳು ಸದಾ ಬೆವರುತ್ತವಂತೆ. ಆ ನೀರನ್ನು ಹಿಡಿದು ಗುಂಡಿಗೆ ಸಾಗಿಸಲು ಈ ಪೈಪು. ಕಬ್ಬಿಣ, ಕಾಂಕ್ರೀಟಿನ ತುಂಡು ಇಳಿಸಲು ಅಲ್ಲಿ ಕ್ರೇನು ಇತ್ತು. ಸುಕ್ಕು ಪೈಪಿಗೂ ಕ್ರೇನು ಕೊಡಿ ಅಂದರೆ ಮೇಸ್ತ್ರಿ ನಗುತ್ತಿದ್ದ. "ಹತ್ತಿ ಮೂಟೆ ಎತ್ತೋಕೆ ಆನೆ ಬೇಕೇನ್ರೋ?"

ಹಾಗಾಗಿ ಅದು ಹೆಗಲ ಮೇಲೆ ಹೋಗುತ್ತಿತ್ತು. ಮೇಲಿನ ಬಯಲಿನಿಂದ ಸುರಂಗದ ಬಾಯಿಯವರೆಗೆ ಉದ್ದನೆಯ ಮಣ್ಣಿನ ಇಳಿಜಾರು, ಪೈಪಿಗೆ ಇಬ್ಬರು ಆಳು.

ನಮ್ಮ ಕಟ್ಟಡದ ಕೊನೆಯ ಮಹಡಿಯ ಡುಬ್ಬಣ್ಣ ಆ ಕೆಲಸದಲ್ಲೇ ತಲೆ ನೆರೆಸಿಕೊಂಡವನು. ಹೆಸರು ಬೇರೆ ಏನೋ ಇತ್ತು. ಬಲ ಹೆಗಲ ಮೇಲೆ ಎತ್ತಿಗೆ ಎದ್ದ ಹಾಗೆ ಒಂದು ಗಡ್ಡೆ ಎದ್ದಿತ್ತು. ಪೈಪಿನ ಉಂಗುರಗಳ ಏಣು ಒತ್ತಿ ಒತ್ತಿ ಜಡ್ಡುಗಟ್ಟಿದ್ದು. ಅಂಗಿ ಹಾಕಿದರೆ ಅಲ್ಲೊಂದು ಬೆಕ್ಕು ಮಲಗಿದ ಹಾಗೆ ಕಾಣುತ್ತಿತ್ತು. ನನ್ನ ಕೋಣೆ ಮೆಟ್ಟಿಲ ಬುಡದಲ್ಲಿದೆ. ಕೆಲಸದಿಂದ ಬಂದವನು ಮೂರು ಮಹಡಿ ಹತ್ತುವ ಮುಂಚೆ ಕೆಳಗಿನ ಮೆಟ್ಟಿಲ ಮೇಲೆ ಕೂತು ಉಸಿರು ಬಿಡುತ್ತಿದ್ದ. "ತಂಗೀ, ಒಂದು ಲೋಟ ನೀರು" ಅನ್ನುತ್ತಿದ್ದ. ನೀರು ಕುಡಿದು ಮಾತಿಗೆ ಶುರುವಿಟ್ಟರೆ ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಈ ಕಥೆಯಲ್ಲಿ ನಾನು ಕಣ್ಣಾರೆ ನೋಡದ್ದೆಲ್ಲ ಆ ಮೆಟ್ಟಿಲ ಮೇಲೆ ಕೇಳಿದ್ದು.

ಆ ಕೆಲಸದ ಕಟ್ಟಳೆಯನ್ನು ಅವನು ಹೇಳಿದ ಹಾಗೇ ಹೇಳುತ್ತೇನೆ. ಪೈಪು ಹೊತ್ತವರಲ್ಲಿ ಮುಂದಿನವನಿಗೆ ದಾರಿ ಕಾಣುತ್ತದೆ, ಜೊತೆಯವನು ಕಾಣುವುದಿಲ್ಲ. ಹಿಂದಿನವನಿಗೆ ಮುಂದಿನವನ ಕತ್ತು, ಬೆನ್ನು, ನಡುಗುವ ಕಾಲು ಎಲ್ಲ ಕಾಣುತ್ತದೆ. ಅದಕ್ಕೇ ನಿಲ್ಲಿಸುವ ಮಾತು ಹಿಂದಿನವನದು. ಅವನು "ತಾಳು" ಅಂದರೆ ಇಬ್ಬರೂ ಒಟ್ಟಿಗೆ ಬಗ್ಗಿ ಪೈಪು ಇಳಿಸುತ್ತಾರೆ, ಯಾರ ಮಾನವೂ ಹೋಗುವುದಿಲ್ಲ. ಅವನು ಅನ್ನದೆ ಮುಂದಿನವನು ತಾನಾಗಿ ಕೆಳಗೆ ಹಾಕಿದರೆ ಪೈಪು ಜಾರಿ ಕೆಳಗಿರುವವರ ಕಾಲು ಮುರಿಯುತ್ತದೆ. ಹಾಗೆ ಹಾಕಿದವನನ್ನು ಮೇಸ್ತ್ರಿ ಆ ಕ್ಷಣವೇ ಗೇಟಿನಾಚೆ ಕಳಿಸುತ್ತಿದ್ದ.

ಇನ್ನೊಂದು ಉಂಟು. ಇಲಿ ಹೊಗದ ಹಾಗೆ ಪೈಪಿನ ಎರಡೂ ಬಾಯಿಗೆ ಮುಚ್ಚಳ ಇರುತ್ತದೆ. ಒಂದು ಕಡೆಯದು ಕಳಚಿಹೋಗಿದ್ದರೆ ಮಳೆನೀರು ಅಲ್ಲಿಂದ ನುಗ್ಗಿ, ಇನ್ನೊಂದು ಕಡೆಯಿಂದ ಹೋಗಲಾರದೆ ಒಳಗೇ ನಿಲ್ಲುತ್ತದೆ. ಉಂಗುರಗಳ ಸಂದಿಯಲ್ಲಿ ಕೆಸರು ಕೂರುತ್ತದೆ. ಹೊರುವ ಮುಂಚೆ ಮುಚ್ಚಳ ತೆಗೆದು, ಪೈಪನ್ನು ಓರೆ ಎತ್ತಿ, ಒಂದೆರಡು ಸುತ್ತು ಉರುಳಿಸಿ ಎಲ್ಲ ಹರಿಸಬೇಕು. ಹೊಟ್ಟೆ ಇಳಿಸುವುದು ಅನ್ನುತ್ತಿದ್ದರು ಅದಕ್ಕೆ. ಹೊಸಬ ಬಂದ ದಿನ ಮಾತ್ರ ಬೇಕೆಂದೇ ಇಳಿಸುತ್ತಿರಲಿಲ್ಲ.

ಸಮನೆಲದಲ್ಲಿ ಎತ್ತಿದಾಗ, ಹಿಂದಿನವನು ತೆರೆದ ಬಾಯಿಯನ್ನು ಚೂರು ಮೇಲೆ ಹಿಡಿದಿದ್ದರೆ, ನೀರು ಚೆಲ್ಲದೆ ಉದ್ದಕ್ಕೂ ಹಂಚಿಕೊಂಡಿರುತ್ತದೆ. ಹೊಸಬನಿಗೆ ಖಾಲಿ ಪೈಪಿನ ತೂಕ ಗೊತ್ತಿರುವುದಿಲ್ಲವಲ್ಲ, ಇದು ಇಷ್ಟೇ ಇರಬೇಕು ಅಂದುಕೊಳ್ಳುತ್ತಾನೆ. ಇಳಿಜಾರಿಗೆ ಕಾಲಿಟ್ಟ ಮೇಲೆ ಅಷ್ಟೂ ನೀರು ಗುಳುಗುಳು ಅಂತ ಮುಂದಕ್ಕೆ ಓಡಿ ಬಂದು, ಮುಚ್ಚಿದ ಬಾಯಿಯ ಹತ್ತಿರ ಗುಡ್ಡೆಯಾಗಿ, ಅವನ ಹೆಗಲ ಮೇಲೆ ಕೂರುತ್ತದೆ. ಹಿಂದಿನವನು "ತಾಳು" ಅನ್ನುವುದಿಲ್ಲ. ಮೇಲೆ ಕೆಳಗೆ ಸಾಲಾಗಿ ನಿಂತವರು ಕೂಗು ಹಾಕುತ್ತಾರೆ. ನಡುವೆ ಎತ್ತಿಹಾಕಿದರೆ ಅವನ ಅನ್ನ ಅಲ್ಲಿಗೇ ಮುಗಿಯಿತು. ಕೆಳಗೆ ಮುಟ್ಟಿಸಿದರೆ ಅವನೂ ಗುಂಪಿನವನಾದ.

ನೀರು ಕುಡಿಸುವುದು ಅನ್ನುತ್ತಿದ್ದರು ಇದಕ್ಕೆ. ಡುಬ್ಬಣ್ಣನಿಗೂ ಪ್ರಾಯದಲ್ಲಿ ಹೀಗೇ ಕುಡಿಸಿದ್ದರು. ಅವನು ಮುಟ್ಟಿಸಿ, ಪೈಪು ಇಳಿಸಿ, ಪಕ್ಕಕ್ಕೆ ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಬಂದು ಇನ್ನೊಂದು ಪೈಪಿಗೆ ಹೆಗಲು ಕೊಟ್ಟಿದ್ದ. ಆಮೇಲೆ ಬಂದ ಹೊಸಬರಿಗೆಲ್ಲ ಹಿಂದಿನ ಹೆಗಲು ಅವನದೇ. ಒಬ್ಬ ನಡುದಾರಿಯಲ್ಲಿ ಪೈಪು ಬಿಟ್ಟು, ಕೂತು, ಹೆಂಗಸಿನ ಹಾಗೆ ಅತ್ತಿದ್ದನಂತೆ. "ಚಪ್ಪಲಿನೂ ಬಿಟ್ಟು ಓಡಿದ ತಂಗೀ! ಮೇಸ್ತ್ರಿ ಆ ಚಪ್ಪಲಿನ ಶೆಡ್ಡಿನ ಮೊಳೆಗೆ ಹಾಕ್ಸಿದಾನೆ. ಹೊಸಬರಿಗೆ ತೋರಿಸ್ತೀವಿ." ಹೇಳುತ್ತಾ ಕೆಮ್ಮು ಬರುವಷ್ಟು ನಗುತ್ತಿದ್ದ. ನನಗೆ ಆ ಚಪ್ಪಲಿಯವನು ಬರಿಗಾಲಲ್ಲಿ ಮನೆಗೆ ಹೋದದ್ದೇ ಕಣ್ಣಿಗೆ ಕಟ್ಟುತ್ತಿತ್ತು.

ಅವನಿಗೆ ಒಬ್ಬಳೇ ಮಗಳು. ಅವಳಿಗೆ ಹಾಲುಹಲ್ಲು ಬೀಳುವ ಮೊದಲೇ ತಾಯಿ ತೀರಿಕೊಂಡಳು. ಮರುಮದುವೆ ಆಗದೆ ಅವನೇ ಜಡೆ ಹಾಕಿ, ಉಗುರು ಕತ್ತರಿಸಿ ಬೆಳೆಸಿದ. ಸಂಜೆ ಬಂದರೆ ಅವಳು ಬಿಸಿನೀರಲ್ಲಿ ಬಟ್ಟೆ ಅದ್ದಿ ಆ ಗಡ್ಡೆಗೆ ಶಾಖ ಕೊಡುತ್ತಿದ್ದಳು. "ಇನ್ನೂ ಬಲವಾಗಿ ಒತ್ತೇ, ನಿಂಗೆ ಅನ್ನ ಹಾಕೋ ಗಡ್ಡೆ ಅದು." "ಹಾಗಾದ್ರೆ ಅದಕ್ಕೇ ಊಟ ಬಡಿಸ್ತೀನಿ ಇವತ್ತು, ನಿಂಗಿಲ್ಲ." ಮೇಲಿನಿಂದ ಆ ನಗು ಮೆಟ್ಟಿಲಿಳಿದು ನನ್ನ ಕೋಣೆಗೆ ಬರುತ್ತಿತ್ತು.

ಅವಳು ತಾನೇ ನೋಡಿಕೊಂಡು ಮದುವೆಯಾದದ್ದು ಒಬ್ಬ ದರ್ಜಿಯನ್ನು. ಸಣಕಲು ಮೈ, ಉದ್ದ ಬೆರಳು, ಮೆತ್ತನೆ ಮಾತು. ಡುಬ್ಬಣ್ಣ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಅಳಿಯ ಕೂಲಿಗಿದ್ದ ಹೊಲಿಗೆ ಅಂಗಡಿ ಇದ್ದ ಬೀದಿಯನ್ನು ಅದೇ ರೈಲಿಗಾಗಿ ಅಗೆದು ಹಾಕಿದರು. ಅಂಗಡಿ ಎದ್ದುಹೋಯಿತು. ಗಂಡ ಹೆಂಡತಿ ಒಂದು ಪೆಟ್ಟಿಗೆ ಹಿಡಿದು ಡುಬ್ಬಣ್ಣನ ಒಂದೇ ಕೋಣೆಗೆ ಬಂದರು. ನಡುವೆ ಕಟ್ಟಲು ಅಳಿಯ ಹಳೆಯ ಸೀರೆಗಳಿಂದ ಒಂದು ಪರದೆ ಹೊಲಿದ. ಅಂಚಿಗೆ ಅಂಚು ಕೂಡಿಸಿ, ಎಲ್ಲಿ ಜೋಡಿಸಿದ್ದು ಅಂತ ಗೊತ್ತಾಗದ ಹಾಗೆ. ಡುಬ್ಬಣ್ಣ ಅದನ್ನು ಬೆರಳಲ್ಲಿ ಹಿಡಿದು ನೋಡಿ, "ಚೆನ್ನಾಗಿದೆ ಅಳಿಯಂದಿರೇ. ನನ್ನ ಮನೇಲಿ ನನಗೇ ಅಡ್ಡ" ಅಂದನಂತೆ.

ಕೆಲವು ಕಾಲ ಹೀಗೇ ನಡೆದ ಮೇಲೆ ಮಗಳು ಒಂದು ಬೆಳಿಗ್ಗೆ ಕೇಳಿದಳು.

"ಅಪ್ಪ, ಇವರನ್ನೂ ನಿನ್ ಜೊತೆ ಕರ್ಕೊಂಡು ಹೋಗು. ಮೇಸ್ತ್ರಿಗೆ ಒಂದು ಮಾತು ಹೇಳು."

"ಯಾಕೆ? ಪೈಪಿಗೆ ಅಂಗಿ ಹೊಲೀಬೇಕಾ?"

"ತಮಾಷೆ ಬೇಡ. ಒಂದು ಕೆಲಸ ಅಂತ ಸಿಕ್ಕಿದ್ರೆ ನಾವು ಬೇರೆ ಕೋಣೆ ನೋಡ್ಕೋತೀವಿ. ನಿಂಗೂ ಕಾಲು ಚಾಚೋಕೆ ಜಾಗ ಆಗತ್ತೆ."

ಅವಳು ಒಳ್ಳೆಯದಕ್ಕೇ ಹೇಳಿದ್ದು. ಡುಬ್ಬಣ್ಣ ಅದೇ ಮಾತನ್ನು ನನಗೆ ಎಷ್ಟೋ ದಿನ ಆದ ಮೇಲೆ ಹೇಳಿದ. "ಬೇರೆ ಕೋಣೆ ಅಂದಿದ್ದಷ್ಟೇ ನನ್ನ ಕಿವಿಗೆ ಬಿದ್ದಿದ್ದು ತಂಗೀ. ಅವನಿಗೆ ಕೆಲಸ ಸಿಕ್ಕಿದ್ರೆ ಇವಳು ಹೋಗ್ತಾಳೆ. ಸಿಗದಿದ್ರೆ ಅವನು ಮುಖ ಮುಚ್ಕೊಂಡು ಹೋಗ್ತಾನೆ, ಇವಳು ಇರ್ತಾಳೆ. ಅಷ್ಟೇ ಲೆಕ್ಕ ಹಾಕಿದೆ."

ಮೇಸ್ತ್ರಿ ಒಪ್ಪಿದ. ಅಳಿಯ ಹೋಗುವ ಮುನ್ನಾದಿನ ಹಳೆಯ ರಜಾಯಿ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಹೆಗಲಿಗೆ ಹಾಕಿಕೊಳ್ಳುವ ಎರಡು ಸಿಂಬಿ ಹೊಲಿದ. ಒಂದು ತನಗೆ, ಒಂದು ಮಾವನಿಗೆ. ಮಾವನದರಲ್ಲಿ ಗಡ್ಡೆ ಕೂರಲು ನಡುವೆ ಗುಂಡಗೆ ತಗ್ಗು ಬಿಟ್ಟಿದ್ದ. ಅಳತೆ ಕೇಳಿರಲಿಲ್ಲ, ಮಲಗಿದ್ದಾಗ ನೋಡಿ ಅಂದಾಜು ಮಾಡಿದ್ದ.

"ಇದೇನು, ಎತ್ತಿಗೆ ಜೂಲು?" ಅಂದ ಡುಬ್ಬಣ್ಣ.

"ಏಣು ಒತ್ತಲ್ಲ ಮಾವ. ಹಾಕ್ಕೊಂಡು ನೋಡಿ."

ಅವನು ಅದನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ ಹೊರಟುಹೋದ. ಅದು ಅಲ್ಲೇ ನೇತಾಡಿಕೊಂಡು ಉಳಿಯಿತು.

ಆ ದಿನ ಸಂಜೆ ಮೋಡ ಕಟ್ಟಿತ್ತು. ಕೆಲಸ ಬಿಡುವ ಹೊತ್ತಿಗೆ ಡುಬ್ಬಣ್ಣ ರಾಶಿಯಿಂದ ಒಂದು ಪೈಪನ್ನು ಬೇರೆ ಮಾಡಿ, ಒಂದು ಕಡೆಯ ಮುಚ್ಚಳ ಕಿತ್ತು, ಶೆಡ್ಡಿನ ತಗಡಿನ ಮಾಡಿನಿಂದ ನೀರು ಬೀಳುವ ಜಾಗಕ್ಕೆ ಆ ಬಾಯಿ ಬರುವಂತೆ ಓರೆಯಾಗಿ ಇಟ್ಟ. ಬೇರೆ ಹೊಸಬರಿಗೆ ಮಳೆ ತಾನಾಗಿ ತುಂಬಿದಷ್ಟೇ ಇರುತ್ತಿತ್ತು. ಹೀಗೆ ಹಿಡಿದು ತುಂಬಿಸಿದ್ದು ಅದೊಂದೇ ಸಲ. ಜೊತೆಯವನೊಬ್ಬ ಇದನ್ನು ನೋಡಿದ. ಒಡಕು ದನಿಯವನು, ಗೊಗ್ಗರ ಅಂತಲೇ ಕರೆಯುತ್ತಿದ್ದರು.

"ಏನಣ್ಣಾ, ಕೊಡ ಹಿಡೀತಿದೀಯಾ?"

"ಮನೆ ಅಳಿಯ ಬರ್ತಾನೆ ನಾಳೆ. ಬಾಯಾರಿದೋನನ್ನ ಹಾಗೇ ಕಳಿಸೋಕಾಗತ್ತಾ?"

ಮಳೆ ಚೆನ್ನಾಗಿಯೇ ಹೊಯ್ಯಿತು.

ಬೆಳಿಗ್ಗೆ ಅಳಿಯ ಸಿಂಬಿ ಹಾಕಿಕೊಂಡು ಬಂದದ್ದನ್ನು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ನಿಂತ ಗಳಿಗೆಯಲ್ಲೇ ಅವನಿಗೆ ಸೂಜಿ ಅಂತ ಹೆಸರು ಬಿತ್ತು.

"ಏ ಸೂಜಿ, ಸೊಂಟಕ್ಕೂ ಒಂದು ಹೊಲ್ಕೋಬೇಕಿತ್ತು ಕಣೋ!" ಅಂದ ಗೊಗ್ಗರ. "ಕೆಳಗೆ ಹೋಗೋಷ್ಟರಲ್ಲಿ ಹೊಲಿಗೆಯೆಲ್ಲ ಬಿಚ್ಕೊಳ್ಳತ್ತೆ."

"ಬಿಚ್ಚಿದ್ರೆ ನಾನೇ ಹಾಕ್ಕೋತೀನಿ ಬಿಡಿ. ಕೂಲಿ ಕೇಳಲ್ಲ" ಅಂದ ಅಳಿಯ. ಕೆಲವರು ಈ ಮಾತಿಗೂ ನಕ್ಕರು. ಡುಬ್ಬಣ್ಣನಿಗೆ ಅದು ಹಿಡಿಸಲಿಲ್ಲ.

ಮುಚ್ಚಳ ಇದ್ದ ತುದಿ ಅಳಿಯನಿಗೆ, ತೆರೆದ ತುದಿ ಮಾವನಿಗೆ. ಎತ್ತಿದರು. ಅಳಿಯ ಒಂದು ಸಲ ತಡವರಿಸಿ ನೆಟ್ಟಗಾದ. ಇಳಿಜಾರಿನ ತಲೆಗೆ ಬಂದರು.

"ಮಾವ, ಒಳಗೇನೋ ಓಡಾಡ್ತಿದೆ."

"ಇಲಿ ಇರಬೇಕು. ನಡೀರಿ."

ಕಾಲು ಇಳಿಜಾರಿಗೆ ಬಿತ್ತು. ನೀರು ಓಡಿತು. ಡುಬ್ಬಣ್ಣನಿಗೆ ತನ್ನ ಹೆಗಲ ಮೇಲಿನ ಭಾರ ಯಾರೋ ಎತ್ತಿಕೊಂಡ ಹಾಗೆ ಹೋಗುವುದು ಗೊತ್ತಾಯಿತು. ಹಗುರ, ಇನ್ನೂ ಹಗುರ. ಕೊನೆಗೆ ಪೈಪು ಬರೀ ಗಡ್ಡೆಯನ್ನು ಸವರಿಕೊಂಡು ಇದ್ದ ಹಾಗಿತ್ತು. ಎಷ್ಟು ಹಗುರಾಯಿತೋ ಅಷ್ಟೂ ಮುಂದೆ ಹೋಗಿದೆ ಅನ್ನುವುದನ್ನು ಅವನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಎದುರಿಗೆ ಅಳಿಯನ ಕತ್ತು. ಅದರ ನರಗಳು ಎರಡು ಬೆರಳಿನ ಹಾಗೆ ಉಬ್ಬಿ ನಿಂತಿದ್ದವು. ಸಿಂಬಿ ಜಾರಿ ಬೆನ್ನ ಮೇಲೆ ನೇತಾಡುತ್ತಿತ್ತು, ಏಣು ಬರಿ ಮಾಂಸಕ್ಕೆ ಒತ್ತುತ್ತಿತ್ತು.

ಅರ್ಧ ದಾರಿಯಲ್ಲಿ ಅಳಿಯನ ಬೆನ್ನೊಳಗೆ ಏನೋ ಆಯಿತು. ನಡು ಒಂದು ಪಕ್ಕಕ್ಕೆ ಚಕ್ಕನೆ ಸೊಟ್ಟಗಾದದ್ದು ಹಿಂದಿನವನಿಗೆ ಕಾಣಿಸಿತು.

"ಮಾವ... ಒಂದು ಸಲ ತಾಳು ಅನ್ನಿ."

ಡುಬ್ಬಣ್ಣ ಹೆಜ್ಜೆ ನಿಲ್ಲಿಸಲಿಲ್ಲ.

"ಮಾವ, ಕಾಲಲ್ಲಿ ಬೆಂಕಿ ಹತ್ತಿದ ಹಾಗಿದೆ. ತಾಳು ಅನ್ನಿ."

"ಇನ್ನೇನು, ಬಂತು. ಆಗದಿದ್ರೆ ಹಾಕ್ಬಿಡಿ ಕೆಳಗೆ. ಮನೆಗೆ ಹೋಗೋರಂತೆ."

ಮೂರನೇ ಸಲ ಅಳಿಯ ಕೇಳಲಿಲ್ಲ. ಕೆಳಗಿನವರ ಕೂಗು ಹತ್ತಿರವಾಗುತ್ತ ಬಂತು. ಅವನು ಒಂದು ಕಾಲನ್ನು ಎಳೆದುಕೊಂಡು, ಇನ್ನೊಂದನ್ನು ಊರಿಕೊಂಡು, ನೆಲ ಮುಟ್ಟಿಸಿದ. "ಆ ಮಾತು ನನ್ನ ನಾಲಿಗೆ ತುದೀಲೇ ಇತ್ತು ತಂಗೀ," ಅಂದ ಡುಬ್ಬಣ್ಣ ನನ್ನ ಹತ್ತಿರ. "ಕಡಲೆ ಕಾಳಿನ ಹಾಗೆ ಇತ್ತು. ಉಗುಳಲಿಲ್ಲ, ನುಂಗಲೂ ಇಲ್ಲ."

ಗೊಗ್ಗರ ಬಂದು ಮುಚ್ಚಳ ಕಿತ್ತ. ಕೆಂಪು ನೀರು ಭೋರೆಂದು ಸುರಿದು ಅಳಿಯನ ಪಾದ ತೊಳೆಯಿತು. ಎಲ್ಲರೂ ಸಿಳ್ಳೆ ಹೊಡೆದರು. ಅಳಿಯ ಆ ನೀರು ನಿಲ್ಲುವ ತನಕ ನೋಡಿದ. ಆಮೇಲೆ ಮಾವನ ಮುಖ ನೋಡಿದ. ಆಮೇಲೆ ಎಲ್ಲರ ಜೊತೆ ತಾನೂ ನಕ್ಕ.

"ಗಟ್ಟಿ ಇದೀಯಪ್ಪ ಸೂಜಿ," ಅಂದ ಮೇಸ್ತ್ರಿ. "ನಾಳೆಯಿಂದಾನೂ ಬಾ."

ಕೆಲಸ ಸಿಕ್ಕಿತು ಅಂದರೆ ಇದೇ.

ಮಾರನೆಯ ಬೆಳಿಗ್ಗೆ ಅವನು ಚಾಪೆಯಿಂದ ಏಳಲಿಲ್ಲ. "ಮೊದಲ ದಿನ ಎಲ್ಲರಿಗೂ ಹೀಗೇ. ಮಿಷನ್ ತುಳಿದು ಬೆಳೆದ ಕಾಲು, ಮುನಿಸ್ಕೊಂಡಿವೆ. ಎಣ್ಣೆ ತಿಕ್ಕಿ ಮಲಗಿಸು" ಅಂತ ಹೇಳಿ ಡುಬ್ಬಣ್ಣ ಕೆಲಸಕ್ಕೆ ಹೋದ. ಮಗಳು ಎಣ್ಣೆ ತಿಕ್ಕಿದಳು. ಅದರ ಮರುದಿನವೂ ತಿಕ್ಕಿದಳು. ಆಮೇಲೆ ನನ್ನ ಬಾಗಿಲಿಗೆ ಓಡಿ ಬಂದಳು, ಕೈಯಲ್ಲಿ ಶಾಖದ ಬಟ್ಟೆ ಹಾಗೇ ಇತ್ತು.

"ಅಕ್ಕಾ, ಬಿಸಿನೀರು ತೊಡೆ ಮೇಲೆ ಚೆಲ್ಲಿಹೋಯ್ತು. ಬೊಬ್ಬೆ ಬಂದಿದೆ. ಅವರಿಗೆ ಗೊತ್ತೇ ಆಗ್ಲಿಲ್ಲ. ಉಚ್ಚೆ ಹೋದದ್ದೂ ಗೊತ್ತಾಗ್ತಿಲ್ಲ ಅಂತಾರೆ."

ಪಕ್ಕದ ಮನೆಯ ಬಡಗಿಯನ್ನು ಕರೆದು ಆಸ್ಪತ್ರೆಗೆ ಸಾಗಿಸಿದೆವು. ಡುಬ್ಬಣ್ಣನೂ ಅಲ್ಲಿಗೆ ಬಂದ. ಬೆನ್ನಿನ ನರ ನಜ್ಜಿಹೋಗಿದೆ, ಆದ ದಿನವೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಕೊಯ್ದು ನೋಡುತ್ತೇವೆ, ಮಾತು ಕೊಡಲಾರೆವು ಅಂದರು ಡಾಕ್ಟರು. "ಏನು ಭಾರ ಎತ್ತಿದ್ರು?"

"ಪೈಪು," ಅಂದ ಡುಬ್ಬಣ್ಣ. "ಖಾಲಿ ಪೈಪು."

ಡಾಕ್ಟರು ಮಂಚದ ಮೇಲಿದ್ದವನ ಕಡೆ ತಿರುಗಿದರು. ಅವನು ಮಾವನನ್ನು ನೋಡದೆ, ಮೇಲಿನ ಫ್ಯಾನು ನೋಡುತ್ತಾ, "ಹೌದು. ಖಾಲಿನೇ" ಅಂದ.

ಅದೇ ಮಾತು ಊರಾಯಿತು. ಸ್ವಂತ ಅಳಿಯನಿಗೆ ಹಾಗೆ ಮಾಡಲಾರ ಅಂತ, ನೀರಿನ ಕಥೆ ಕೇಳಿದ್ದ ನಾನೂ ನಂಬಿದೆ. ಖಾಲಿ ಪೈಪಿಗೆ ಬೆನ್ನು ಮುರಿದರೆ ಅದು ಪೈಪಿನ ತಪ್ಪಲ್ಲ, ಬೆನ್ನಿನದು ಅಂತ ಕೆಲಸದ ಕಡೆಯವರು ಕೈ ತೊಳೆದುಕೊಂಡರು. ಮೊದಲೇ ಹುಳುಕಿದ್ದ ಸೊಂಟ ಇರಬೇಕು ಅಂದರು ಕಟ್ಟಡದವರು. ಕೊಯ್ದರು, ಹೊಲಿದರು, ಮನೆಗೆ ಕಳಿಸಿದರು. ಕಾಲು ಬರಲಿಲ್ಲ. ಪರದೆಯ ಆಚೆ ಅವನ ಮಂಚ ಬಿತ್ತು. ಅಲ್ಲೇ ಒರಗಿಕೊಂಡು ಗುಂಡಿ ಹಾಕುವುದು, ಅಂಚು ಮಡಿಸುವುದು, ಕೈಹೊಲಿಗೆ ಮಾಡುತ್ತಿದ್ದ. ಮಗಳು ದಿನಕ್ಕೆ ಹಲವು ಸಲ ಬಟ್ಟೆ ಬದಲಿಸಿ, ಒಗೆದು, ಸೋತು, ಒಮ್ಮೊಮ್ಮೆ ಬಾಯಿ ಬಿಡುತ್ತಿದ್ದಳು. ಅದೂ ನನಗೆ ಕೇಳಿಸುತ್ತಿತ್ತು.

"ಅಪ್ಪ ಈ ವಯಸ್ಸಿಗೂ ಹೊರ್ತಾನೆ. ನಿಮಗೆ ಒಂದು ಖಾಲಿ ಪೈಪು ಹೊರೋಕಾಗ್ಲಿಲ್ಲ!"

ಪರದೆಯ ಆಚೆ ಅಳಿಯ ಗುಂಡಿ ಹಾಕುತ್ತಿರುತ್ತಿದ್ದ. ಪರದೆಯ ಈಚೆ ಡುಬ್ಬಣ್ಣ ಊಟ ಮಾಡುತ್ತಿರುತ್ತಿದ್ದ. ಮಗಳು ಬೇರೆ ಕೋಣೆಯ ಮಾತು ಎತ್ತುವುದನ್ನು ಬಿಟ್ಟಳು. ಅವನು ಬಯಸಿದ್ದು ಅವನಿಗೆ ಸಿಕ್ಕಿತ್ತು.

ವಾರಕ್ಕೊಮ್ಮೆ ಅಳಿಯನನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು, ಕಾಲುಗಳನ್ನು ಮಡಿಸಿ ಬಿಡಿಸಿ ಮಾಡಿಸಲು. ಬಡಗಿ ಒಂದು ಕುರ್ಚಿಯ ಎರಡೂ ಬದಿಗೆ ಮರದ ಗಳ ಬಿಗಿದು ಕೊಟ್ಟ. ಜಾರದ ಹಾಗೆ ಎದೆಗೆ ಕಟ್ಟುವ ಪಟ್ಟಿಯನ್ನು ಅಳಿಯ ತಾನೇ ಹೊಲಿದುಕೊಂಡ. ಮೂರು ಮಹಡಿ, ಇಕ್ಕಟ್ಟಿನ ಮೆಟ್ಟಿಲು. ಮುಂದೆ ಬಡಗಿ, ಹಿಂದೆ ಡುಬ್ಬಣ್ಣ. ಮೆಟ್ಟಿಲಿಳಿಯುವಾಗ ಭಾರವೆಲ್ಲ ಮುಂದಿನವನಿಗೆ. ಬಡಗಿ ಒಳ್ಳೆಯವನು, ಏದುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ತಿರುವಿನಲ್ಲೆಲ್ಲ ಡುಬ್ಬಣ್ಣ "ತಾಳು" ಅನ್ನುತ್ತಿದ್ದ. ಬಡಗಿಯ ಪಾಲಿಗೆ ಮಾತ್ರ ಆ ಮಾತು ಅವನ ಬಾಯಿಗೆ ಎಷ್ಟು ಸುಲಭವಾಗಿ ಬರುತ್ತಿತ್ತು!

ಹೀಗಿರುವಾಗ ಒಂದು ಬಿಡುವಿನ ದಿನ ಗೊಗ್ಗರ ನಾಲ್ಕು ಹಣ್ಣು ಹಿಡಿದು ನೋಡಲು ಬಂದ. ಡುಬ್ಬಣ್ಣ ಮನೆಯಲ್ಲಿರಲಿಲ್ಲ. ಮಗಳು ಚಹಾ ಕೊಡುವಾಗ ನಾನೂ ಅಲ್ಲೇ ಇದ್ದೆ, ಒಗೆದ ಬಟ್ಟೆ ಮಡಿಸಿಕೊಡುತ್ತಾ. ಅವನು ಸಮಾಧಾನ ಹೇಳಲೆಂದೇ ಬಾಯಿ ತೆರೆದದ್ದು.

"ನೀನು ಕೊರಗಬೇಡ ತಾಯಿ. ನಿನ್ನ ಗಂಡ ಗಂಡಸು ಕಣಮ್ಮ. ಹೊಟ್ಟೆ ತುಂಬಿದ ಪೈಪನ್ನ ಒಂದೇ ಉಸಿರಿಗೆ ಕೆಳಗೆ ತಂದ. ನಿಮ್ಮಪ್ಪನ ಬಿಟ್ರೆ ಅಷ್ಟು ನೀರು ಕುಡಿದೋರು ಯಾರೂ ಇಲ್ಲ."

"ಯಾವ ನೀರು?"

"ಅದೇ, ಪೈಪಿನ ನೀರು. ಹೊಸಬರಿಗೆಲ್ಲ ಮಾಡ್ತೀವಲ್ಲ. ಈ ಸಲ ಸ್ವಲ್ಪ ಜಾಸ್ತಿ ಆಯ್ತು. ನಿಮ್ಮಪ್ಪ ಪ್ರೀತಿಯಿಂದ ಮಾಡಿನ ಕೆಳಗೇ ಇಟ್ಟಿದ್ದ ನೋಡು, ಅಳಿಯನಿಗೆ ಅಂತ..." ಹೇಳುತ್ತಾ ಹೇಳುತ್ತಾ ಅವನ ಒಡಕು ದನಿ ಸಣ್ಣಗಾಯಿತು. ಅವಳ ಮುಖ ನೋಡಿ ಲೋಟ ಕೆಳಗಿಟ್ಟ. "ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ತಾಯಿ." ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಅವಳು ಪರದೆ ಸರಿಸಿದಳು. ಅಳಿಯ ಸೂಜಿಗೆ ದಾರ ಪೋಣಿಸುತ್ತಿದ್ದ.

"ನಿಮಗೆ ಗೊತ್ತಿತ್ತಾ?"

"ಮುಚ್ಚಳ ತೆಗೆದಾಗ ಗೊತ್ತಾಯ್ತು."

"ನಾನು ಅಷ್ಟು ಅಂದೆನಲ್ಲ. ಖಾಲಿ ಪೈಪು, ಖಾಲಿ ಪೈಪು ಅಂತ. ಒಂದು ಸಲನಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಇಲ್ಲಿ ಇರ್ತಿರ್ಲಿಲ್ಲ. ನನ್ನ ಎಳ್ಕೊಂಡು ಎಲ್ಲಿಗೆ ಹೋಗ್ತಿದ್ದೆ?" ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿದ. "ಈ ಮನೆಗೆ ಮೆಟ್ಟಿಲು ಇಳಿಸೋರು ಇದಾರೆ."

ಅವಳು ಅಳಲಿಲ್ಲ. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, "ನಾನು ಮಡಿಸ್ತೀನಿ ಅಕ್ಕಾ, ನೀವು ಹೋಗಿ" ಅಂದಳು. ನಾನು ಕೆಳಗೆ ಬಂದು ದೇವರ ಮುಂದೆ ಕೂತೆ. ಯಾರಿಗಾಗಿ ಬೇಡಬೇಕು ಅಂತ ತಿಳಿಯದೆ ಸುಮ್ಮನೆ ಕೈಮುಗಿದೆ.

ಸಂಜೆ ಡುಬ್ಬಣ್ಣ ಹತ್ತಿ ಹೋದ. ಜಗಳ ಕೇಳುತ್ತದೆ ಅಂತ ಕಾದೆ. ಕೇಳಲಿಲ್ಲ. ತಟ್ಟೆ ಇಟ್ಟ ಸದ್ದು ಕೇಳಿತು, ಆಮೇಲೆ ಅವಳ ದನಿ.

"ಕೂತ್ಕೊಳ್ಳಿ. ಊಟ ಮಾಡಿ."

ಹುಟ್ಟಿದಂದಿನಿಂದ ಅವಳು ಅಪ್ಪನನ್ನು ನೀನು ಅಂದೇ ಕರೆದವಳು. ಅಂದಿನಿಂದ ನೀವು ಅಂದಳು. ಅವನು ಮಾರನೆಯ ದಿನ ಕೆಳಗಿನ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನನಗೆ ಹೇಳಿದ್ದು ಅದಕ್ಕೇ. "ಬೈದಿದ್ರೆ ಆಗಿತ್ತು ತಂಗೀ. ಪೊರಕೆ ತಗೊಂಡಿದ್ರೆ ಆಗಿತ್ತು. ನೀರು ಬೇಕಾ ಅಪ್ಪ ಅಂತ ಕೇಳ್ತಿದ್ದೋಳು, ನೀರು ಕೊಡಲೇ ಅಂತಾಳೆ. ಕಛೇರೀಲಿ ಕೇಳಿದ ಹಾಗೆ." ಆ ಹೊತ್ತಿಗೂ ಅವನಿಗೆ ನೋವಾದದ್ದು ಇದಕ್ಕೆ. ಅಳಿಯನ ಕಾಲಿನ ಮಾತು ಅವನ ಬಾಯಲ್ಲಿ ಬರಲಿಲ್ಲ. ನಾನೂ ಎತ್ತಲಿಲ್ಲ, ಲೋಟ ತುಂಬಿಸಿ ಕೊಟ್ಟೆ.

ಆಸ್ಪತ್ರೆಯ ದಿನ ಬಂತು. ಬಡಗಿ ಎಂದಿನಂತೆ ಹೊರಟು ನಿಂತಿದ್ದ. ಕುರ್ಚಿಯ ಪಟ್ಟಿ ಬಿಗಿಯಲು ಒಂದು ಕೈ ಬೇಕು ಅಂತ ಅವಳು ನನ್ನನ್ನೂ ಮೇಲೆ ಕರೆದಿದ್ದಳು.

"ಬೇಡಣ್ಣ, ನೀವು ನಿಮ್ಮ ಕೆಲಸಕ್ಕೆ ಹೋಗಿ," ಅಂದಳು ಬಡಗಿಗೆ. "ನಾವಿಬ್ಬರೇ ಸಾಕು."

ಡುಬ್ಬಣ್ಣ ಕುರ್ಚಿಯ ಹಿಂದೆ ಹೋಗಿ ನಿಂತ.

"ಅಲ್ಲಲ್ಲ. ನೀವು ಮುಂದೆ ಹಿಡೀರಿ."

"ನನಗೆ ಹಿಂದೆ ಅಭ್ಯಾಸ ಕಣಮ್ಮ. ನೀನು ಹೆಣ್ಣುಮಗಳು, ಭಾರ..."

"ಇವರು ಎಲ್ಲ ಹೇಳಿದಾರೆ. ಇಳಿಯುವಾಗ ಹಿಂದಿನವರಿಗೆ ಭಾರ ಇರಲ್ಲವಂತಲ್ಲ. ಮುಂದೆ ಹಿಡೀರಿ."

ಅವನು ಮುಂದೆ ಬಂದ. ಗಳ ಹೆಗಲಿಗೆ ಏರಿಸುವ ಮುಂಚೆ ಬಾಗಿಲ ಪಕ್ಕದ ಮೊಳೆಗೆ ಕೈ ಚಾಚಿದ. ಗಡ್ಡೆಗೆ ತಗ್ಗು ಬಿಟ್ಟು ಹೊಲಿದ ಆ ಸಿಂಬಿ ಇನ್ನೂ ಅಲ್ಲೇ ಇತ್ತು, ಧೂಳು ಹಿಡಿದು. ಅವನ ಕೈ ಮುಟ್ಟುವ ಮೊದಲೇ ಮಗಳು ಅದನ್ನು ತೆಗೆದು, ಎರಡು ಸಲ ಕೊಡವಿ, ಗಂಡನ ಬೆನ್ನ ಹಿಂದೆ ಇಟ್ಟಳು.

"ಭಯ ಬೇಡ ಮಾವ," ಅಂದ ಕುರ್ಚಿಯಲ್ಲಿದ್ದವನು. "ಹೊಟ್ಟೆ ಇಳಿಸ್ಕೊಂಡೇ ಕೂತಿದೀನಿ."

ಎತ್ತಿದರು. ನಾನು ಅವರಿಗಿಂತ ಮುಂಚೆ ಇಳಿದು ಕೆಳಗಿನ ಬಾಗಿಲು ತೆರೆದು ಹಿಡಿದೆ. ಅಲ್ಲಿಂದ ಕತ್ತೆತ್ತಿದರೆ ನಡುವಿನ ಸಂದಿಯಲ್ಲಿ ಮೆಟ್ಟಿಲು ಪೂರ್ತಿ ಕಾಣುತ್ತದೆ. ಮೊದಲ ತಿರುವಿನಲ್ಲಿ ಅವನು ಕಾಲು ನಿಲ್ಲಿಸಿ ಕಿವಿ ಹಿಂದಕ್ಕೆ ಕೊಟ್ಟ. ಅವಳು ಏನೂ ಅನ್ನಲಿಲ್ಲ. ನಡೆದ. ಎರಡನೆಯ ತಿರುವಿಗೆ ಅವನ ಮೊಣಕಾಲು ನಡುಗತೊಡಗಿತು. ಗಳ ಆ ಗಡ್ಡೆಯ ಮೇಲೆ ಹೊರಳಿ ಚರ್ಮ ಕಿತ್ತಿತ್ತು. ಅಂಗಿಯ ಮೇಲೆ ಕೆಂಪಾಗಿ ಒಂದು ಕಲೆ ಎದ್ದಿತು. ಕುರ್ಚಿ ಮುಂದಕ್ಕೆ ವಾಲಿ, ಪಟ್ಟಿ ಬಿಗಿದು, ಅಳಿಯನ ಮುಖ ಮಾವನ ತಲೆಯ ಮೇಲೆ ಬಂದಿತ್ತು.

"ಅಮ್ಮಾ," ಅಂದ ಡುಬ್ಬಣ್ಣ. "ತಾಳು ಅನ್ನೇ."

ಅವಳ ಹೆಗಲ ಮೇಲೆ ಗಳ ತೂಕವಿಲ್ಲದೆ ಸುಮ್ಮನೆ ಕೂತಿರುವುದು ನನಗೂ ಕಾಣುತ್ತಿತ್ತು. ಅವಳು ಅ‍ಪ್ಪನ ಕತ್ತನ್ನೇ ನೋಡುತ್ತಿದ್ದಳು.

"ಅಳಿಯಂದಿರೇ, ನೀವಾದ್ರೂ ಹೇಳಿ."

"ನಾನೇನು ಹೇಳಲಿ ಮಾವ. ನಾನು ಪೈಪು."

ಆಮೇಲೆ ಅವನೂ ಮೂರನೇ ಸಲ ಕೇಳಲಿಲ್ಲ. ಒಂದೊಂದೇ ಮೆಟ್ಟಿಲು, ಗೋಡೆಗೆ ಮೊಣಕೈ ಉಜ್ಜುತ್ತಾ, ಬಾಯಿ ತೆರೆದು ಇಳಿದ. ಅವನ ಬೆವರು ನನ್ನ ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ತೊಟ್ಟಿಕ್ಕಿತು. ಕುರ್ಚಿ ನೆಲ ಮುಟ್ಟಿತು. ಅವನು ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತು, ನನ್ನ ಕಡೆ ನೋಡಿ ನೀರು ಕೇಳಲು ಬಾಯಿ ತೆರೆದ.

ಮಗಳು ಗಂಡನ ಎದೆಯ ಪಟ್ಟಿ ಸಡಿಲಿಸಿ, ಜಾರಿದ ಸಿಂಬಿಯನ್ನು ಬೆನ್ನಿಗೆ ಸರಿಯಾಗಿ ಕೊಟ್ಟು, ಸೆರಗಿನಿಂದ ಅವನ ಮುಖ ಒರೆಸಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಗಟ್ಟಿ ಇದೀರಪ್ಪ," ಅಂದಳು. "ಮುಂದಿನ ವಾರಾನೂ ನೀವೇ ಹಿಡೀರಿ."